ಪೌಡರ್ ಡಬ್ಬಿಯೊಳಗಿನ ಮಾತ್ರೆ

ಜರಗನಹಳ್ಳಿಯ ಮುನಿವೆಂಕಟಮ್ಮನಿಗೆ ಒಂದು ಮೊಮ್ಮಗು ಬೇಕಿತ್ತು. ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ಮಗ ಚಿಕ್ಕಬೈರಪ್ಪನ ಮದುವೆಯಾಗಿ ಹತ್ತೇ ತಿಂಗಳು. ಆದರೆ ಬಾವಿಕಟ್ಟೆಯಲ್ಲಿ, ಸೊಪ್ಪಿನ ಮಡಿಯಲ್ಲಿ, ಕನಕಪುರ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ, ಸಿಕ್ಕಿದವರ ಮುಂದೆಲ್ಲ "ನಮ್ ಸೊಸೆ ಇನ್ನೂ ಏನೂ ಹೇಳ್ಲಿಲ್ಲ ಕಣಮ್ಮ" ಎಂದು ಅಲವತ್ತುಕೊಳ್ಳುತ್ತಿದ್ದಳು. ಹತ್ತು ತಿಂಗಳಿಗೇ ಈ ಗೋಳು! ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳದೇ ಮಾತು, ಎದುರಾಡುವವರು ಯಾರೂ ಇರಲಿಲ್ಲ.

ಸೊಸೆ ವಿಮಲಾ ಸಿದ್ದಾಪುರದವಳು. ಎಂಟನೇ ಕ್ಲಾಸಿನವರೆಗೆ ಓದಿದ್ದಳು. ಮಾತು ಕಡಿಮೆ, ಕೆಲಸ ಚುರುಕು, ಮುದ್ದೆ ಕಟ್ಟಿದರೆ ಒಂದು ಗಂಟಿಲ್ಲ. ಹುಡುಗಿಯಲ್ಲಿ ಕೊಂಕು ತೆಗೆಯಲು ಮುನಿವೆಂಕಟಮ್ಮನಂಥ ಮುನಿವೆಂಕಟಮ್ಮನಿಗೂ ಏನೂ ಸಿಕ್ಕಿರಲಿಲ್ಲ. ಒಂದೇ ಒಂದು ಇತ್ತು. ದಿನಾ ಊಟವಾದ ಮೇಲೆ ಸೊಸೆ ಕೋಣೆಗೆ ಹೋಗುತ್ತಾಳೆ, ಟ್ರಂಕಿನ ಮುಚ್ಚಳ ಕಿರ್ರೆನ್ನುತ್ತದೆ, ಆಮೇಲೆ ಬಂದು ಒಂದು ಲೋಟ ನೀರು ಕುಡಿಯುತ್ತಾಳೆ. ಊಟದ ಜೊತೆಗೇ ನೀರು ಕುಡಿದವಳಿಗೆ ಮತ್ತೆ ಇದೆಂಥ ಬಾಯಾರಿಕೆ?

ಅದು ಅರವತ್ತಾರನೇ ಇಸವಿ. ಕುಟುಂಬ ಯೋಜನೆಯ ನರ್ಸಮ್ಮ ಆ ವರ್ಷ ಎರಡು ಸಲ ಊರಿಗೆ ಬಂದು, ಅರಳಿಕಟ್ಟೆಯ ಹತ್ತಿರ ಹೆಂಗಸರನ್ನು ಕೂರಿಸಿಕೊಂಡು ಚಿತ್ರ ತೋರಿಸಿ ಹೋಗಿದ್ದರು. ಆಮೇಲೆ ಪಕ್ಕದ ಮನೆಯ ಬೈರಮ್ಮ ತನ್ನ ಕಡೆಯಿಂದ ಒಂದಿಷ್ಟು ಸೇರಿಸಿದಳು. "ಪೇಟೆ ಕಡೆ ಮಾತ್ರೇನೇ ಬಂದೈತಂತೆ ಕಣಕ್ಕ. ದಿನಾ ಒಂದು ನುಂಗಿದ್ರೆ ಮಕ್ಕಳೇ ಆಗಲ್ವಂತೆ!"

ಮಾರನೆಯ ದಿನ ವಿಮಲಾ ಬಾವಿಗೆ ಹೋದದ್ದೇ ತಡ, ಮುನಿವೆಂಕಟಮ್ಮ ಟ್ರಂಕು ತೆಗೆದಳು. ಸೀರೆಗಳ ಕೆಳಗೆ ಒಂದು ಪೌಡರ್ ಡಬ್ಬಿ. ಒಳಗೆ ಪೌಡರೂ ಇಲ್ಲ, ಗೀಡರೂ ಇಲ್ಲ. ಬಿಳೀ ಮಾತ್ರೆಗಳು, ಒಂದು ಹಿಡಿಯಷ್ಟು. ನನ್ನ ವಂಶವನ್ನು ಡಬ್ಬಿಯಲ್ಲಿ ತುಂಬಿಟ್ಟುಕೊಂಡಿದ್ದಾಳಲ್ಲ ಇವಳು ಎಂದು ಅತ್ತೆಯ ಮೈಯೆಲ್ಲ ಉರಿದುಹೋಯಿತು. ತಿಪ್ಪೆಗೆ ಎಸೆಯೋಣವೆಂದರೆ ಕೋಳಿಗಳು ತಿಂದು ಮೊಟ್ಟೆ ಇಡುವುದನ್ನೇ ನಿಲ್ಲಿಸಿಬಿಟ್ಟರೆ? ಅದಕ್ಕೇ ಬಚ್ಚಲಿಗೆ ಸುರಿದು, ಕಾಲಲ್ಲಿ ಹೊಸಕಿ, ಎರಡು ಚೊಂಬು ನೀರು ಹೊಯ್ದಳು. ಖಾಲಿ ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟಳು. ಕೇಳಲಿ, ಆಗ ಇದೆ ಅವಳಿಗೆ ಎಂದು ಸೆರಗು ಸಿಕ್ಕಿಸಿಕೊಂಡು ಕಾದಳು.

ವಿಮಲಾ ಕೇಳಲೇ ಇಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಮುಖ ಮಾತ್ರ ಬಾಡಿತ್ತು, ಅನ್ನ ಸೇರುತ್ತಿರಲಿಲ್ಲ. ಸಿಕ್ಕಿಬಿದ್ದ ನಾಚಿಕೆ ಇರಬೇಕು, ಇರಲಿ ಎಂದುಕೊಂಡು ಮುನಿವೆಂಕಟಮ್ಮ ಒಳಗೊಳಗೇ ಬೀಗಿದಳು. "ಅಪ್ಪನ ಮನೆಗೆ ಒಂದ್ಸಲ ಹೋಗಿ ಬರ್ತೀನಿ ಅತ್ತೆ" ಎಂದು ಸೊಸೆ ಕೇಳಿದಾಗ, "ಕಳೆ ತೆಗೆಯೋ ಕಾಲದಲ್ಲಿ ಎಂಥ ಅಪ್ಪನ ಮನೆ? ಹಬ್ಬಕ್ಕೆ ಹೋಗೋವಂತೆ" ಎಂದು ಬಾಯಿ ಮುಚ್ಚಿಸಿದಳು.

ಹತ್ತನೆಯ ದಿನ ಬೆಳಿಗ್ಗೆ ವಿಮಲಾ ಒಲೆಯ ಮುಂದೆ ನಿಂತು ಎಸರಿಗೆ ಹಿಟ್ಟು ಹಾಕುತ್ತಿದ್ದಳು. ಒಂದು ಥರ ಕೂಗಿದಳು. ಅದು ಅವಳ ದನಿಯೇ ಅಲ್ಲ. ಹಿಟ್ಟಿನ ಮೊರದ ಸಮೇತ ಬಿದ್ದಳು. ಪುಣ್ಯಕ್ಕೆ ಒಲೆಯ ಕಡೆಗೆ ಬೀಳಲಿಲ್ಲ. ಮೈ ಕೊರಡಿನ ಹಾಗೆ ಸೆಟೆದುಕೊಂಡಿತು, ಆಮೇಲೆ ಕೈಕಾಲು ಜಾಡಿಸತೊಡಗಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು, ಬಾಯಲ್ಲಿ ನೊರೆ ಬಂತು.

"ಅಯ್ಯಯ್ಯೋ, ಯಾರಾದ್ರೂ ಬನ್ರೇ!" ಎಂದು ಮುನಿವೆಂಕಟಮ್ಮ ಕೂಗಿದ್ದಕ್ಕೆ ಬೈರಮ್ಮ ಓಡಿಬಂದಳು. ಅವಳಿಗೆ ಇಂಥದ್ದೆಲ್ಲ ಕರತಲಾಮಲಕ. ಬೀಗದ ಕೈ ಗೊಂಚಲನ್ನು ಹುಡುಗಿಯ ಮುಷ್ಟಿಗೆ ತುರುಕಿದಳು. ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಯಾವುದಕ್ಕೂ ಜಗ್ಗದಿದ್ದಾಗ, ಕುಡುಗೋಲನ್ನು ಒಲೆಯ ಕೆಂಡದೊಳಗೆ ಇಟ್ಟಳು.

"ಕಾಲಿಗೆ ಒಂದು ಬರೆ ಹಾಕಿದ್ರೆ ನಿಂತೋಯ್ತದೆ ಅಕ್ಕ. ಸೀರೆ ಸರಿಸು."

ಮುನಿವೆಂಕಟಮ್ಮ ಸೀರೆಯ ಅಂಚು ಸರಿಸಿದಳು. ಎಡಗಾಲಿನ ಹರಡಿನ ಮೇಲೆ ಒಂದರ ಪಕ್ಕ ಒಂದು, ಎರಡು ಹಳೆಯ ಬರೆಗಳು ಹೊಳೆಯುತ್ತಿದ್ದವು.

ಬೈರಮ್ಮ ಕುಡುಗೋಲು ಬಿಟ್ಟಳು. "ಹಳೇ ಕಾಯಿಲೆ ಕಣಕ್ಕ! ಮೂರ್ಛೆರೋಗದೋಳನ್ನ ಮುಚ್ಚಿಟ್ಟು ನಿನ್ ಮಗನಿಗೆ ಗಂಟು ಹಾಕವ್ರೆ!"

ಅಷ್ಟರಲ್ಲಿ ಮೈ ತಾನಾಗಿಯೇ ಸಡಿಲವಾಯಿತು. ವಿಮಲಾ ದೊಡ್ಡದಾಗಿ ಉಸಿರುಬಿಡುತ್ತಾ ನಿದ್ದೆ ಹೋದಳು. ಸುದ್ದಿ ಮಾತ್ರ ನಿದ್ದೆ ಮಾಡಲಿಲ್ಲ. ಸಂಜೆಯೊಳಗೆ ಊರೆಲ್ಲ ಸುತ್ತಿತು.

ಮರುದಿನ ಸಿದ್ದಾಪುರದಿಂದ ಅವಳ ಅಪ್ಪ ರಾಮಯ್ಯ ಬಂದ. ಚಾಪೆ ಹಾಸಿದರೂ ಕೂರಲಿಲ್ಲ. ಚಿಕ್ಕಬೈರಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಬಾಗಿಲಲ್ಲಿ ಬೈರಮ್ಮ ಹಾಜರು. ಟ್ರಂಕು ಆಗಲೇ ಹೊರಗೆ ಬಂದಿತ್ತು, ವಿಮಲಾ ತಾನೇ ತಂದಿಟ್ಟಿದ್ದಳು.

"ಮೋಸ ಮಾಡಿದ್ದು ನಿಜ ತಾಯಿ" ಎಂದ ರಾಮಯ್ಯ. "ಹೇಳಿದ್ರೆ ಯಾರು ಕಟ್ಕೋತಾರೆ? ಆದ್ರೆ ದೊಡ್ಡಾಸ್ಪತ್ರೆ ಡಾಕ್ಟ್ರು ಮಾತ್ರೆ ಕೊಟ್ಟ ಮೇಲೆ ನಾಲ್ಕು ವರ್ಷ ಒಂದ್ಸಲಾನೂ ಬಂದಿರ್ಲಿಲ್ಲ. ಒಂದು ದಿನಾನೂ ಬಿಡ್ಬೇಡಿ, ಬಿಟ್ರೆ ಮರುಕಳಿಸ್ತದೆ ಅಂದಿದ್ರು. ಯಾಕವ್ವ ಬಿಟ್ಟೆ?"

ಮುನಿವೆಂಕಟಮ್ಮನ ಕಣ್ಣು ಬಚ್ಚಲಿನ ಕಡೆಗೆ ಹೋಯಿತು.

ವಿಮಲಾ ತಲೆ ಎತ್ತಲಿಲ್ಲ. "ಮರ್ತೋದೆ ಅಪ್ಪಾ" ಎಂದಳು.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪೆಲ್ಲ ಬೀಗರದು, ಟ್ರಂಕು ಹೊರಗೇ ಇದೆ, ಊರಿನವರು ಮುನಿವೆಂಕಟಮ್ಮನನ್ನು ಪಾಪ ಎನ್ನುತ್ತಿದ್ದರು. ಬಾಯಿ ಬಿಡದಿರುವುದು ಅವಳ ಜೀವಮಾನದಲ್ಲಿ ಅದೊಂದು ಸಲ ಲಾಭದ್ದಾಗಿತ್ತು. ಆದರೆ ಮಾಡದ ತಪ್ಪನ್ನು ಹೊತ್ತುಕೊಂಡ ಆ ಬಗ್ಗಿದ ತಲೆಯನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅವಳು ಮರೀಲಿಲ್ಲ. ನಾನೇ ಬಚ್ಚಲಿಗೆ ಸುರಿದೆ" ಎಂದಳು. "ಮಕ್ಕಳಾಗದ ಮಾತ್ರೆ ಅಂದ್ಕೊಂಡೆ."

"ಅವ್ವಾ!" ಎಂದು ಚಿಕ್ಕಬೈರಪ್ಪ ನೆಟ್ಟಗೆ ನಿಂತ. ರಾಮಯ್ಯ ಟವೆಲ್ಲಿನಿಂದ ಕಣ್ಣು ಒತ್ತಿಕೊಂಡ. ಬೈರಮ್ಮ ಮೆಲ್ಲಗೆ ತನ್ನ ಮನೆಯ ಕಡೆ ಹೊರಟಳು.

"ನಂಗೊತ್ತಿತ್ತು ಅತ್ತೆ" ಎಂದಳು ವಿಮಲಾ. "ಬಾವಿಯಿಂದ ಬಂದಾಗ ಬಚ್ಚಲ ಕಲ್ಲಿನ ಸಂದೀಲಿ ಬೆಳ್ಳಗೆ ಸಿಕ್ಕೊಂಡಿತ್ತು."

"ಗೊತ್ತಿದ್ದೂ ಸುಮ್ನಿದ್ಯಾ? ಇಷ್ಟು ದಿನಾನೂ ಒಲೆ ಮುಂದೆ ನಿಂತೆ, ಬಾವೀಲಿ ನೀರು ಸೇದ್ದೆ! ಬಾವಿಕಟ್ಟೇಲೇ ಮೂರ್ಛೆ ಬಂದುಬಿಟ್ಟಿದ್ರೆ ಏನೇ ಗತಿ?"

"ದಿನಾ ಅದನ್ನೇ ಅಂದ್ಕೊಂಡು ಸೇದ್ತಿದ್ದೆ."

"ನನ್ ಹತ್ರ ಒಂದ್ ಮಾತು ಹೇಳ್ಬಾರ್ದಿತ್ತೇನೇ, ಮುಂಡೇದೇ?" ಮುನಿವೆಂಕಟಮ್ಮನಿಗೆ ಅಳು ಬಂದುಬಿಟ್ಟಿತು.

ವಿಮಲಾ ಈಗ ತಲೆ ಎತ್ತಿದಳು. "ಹೇಳಿದ್ರೆ ಇಟ್ಕೊಳ್ತಿದ್ರಾ ಅತ್ತೆ?"

ಹೂಂ ಎನ್ನಲು ಮುನಿವೆಂಕಟಮ್ಮ ಬಾಯಿ ತೆರೆದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಇಲ್ಲ" ಎಂದಳು.

ಆಮೇಲೆ ಎದ್ದು ಟ್ರಂಕನ್ನು ತಾನೇ ಎಳೆದುಕೊಂಡು ಒಳಗೆ ಹೋದಳು.