ಮುಂದಾಳಿನ ಗಂಟೆ

ಬೀರಮ್ಮ ಗಂಡನಿಗೆ ಗಂಟೆ ಕಟ್ಟಿದಳು ಎಂಬ ಸುದ್ದಿ ಹಬ್ಬಿ ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ. ನಕ್ಕವರ ಮನೆಯಲ್ಲಿ ಯಾರೂ ಹಾದಿ ತಪ್ಪಿರಲಿಲ್ಲ.

ಬೀರಮ್ಮನ ಗಂಡ ಪುಟ್ಟಲಿಂಗಯ್ಯ ಹಾದಿ ತಪ್ಪುವುದೆಂದರೇನು! ಸಾತನೂರಿನಾಚೆ ಕಾಡಿನಂಚಿಗಿರುವ ಆ ಊರಿನಿಂದ ಬೆಟ್ಟ ಬಳಸಿ ಅರ್ಕಾವತಿ ಹೊಳೆಗೆ ಇಳಿಯುವ ಕಾಲುದಾರಿ ಮೂಡಿದ್ದೇ ಅವನ ಮತ್ತು ಅವನಪ್ಪನ ಕುರಿಗಳು ತುಳಿದು ತುಳಿದು. ಈಗ ಶನಿವಾರ ಭಾನುವಾರ ಬಂತೆಂದರೆ ಬೆಂಗಳೂರಿನವರು ಬೆನ್ನಿಗೊಂದು ಚೀಲ ಏರಿಸಿಕೊಂಡು ಅದೇ ದಾರಿಯಲ್ಲಿ ಟ್ರೆಕ್ಕಿಂಗ್ ಬರುತ್ತಾರೆ. ಅವರು ಕಾಡು ಪಾಲಾಗದಿರಲಿ ಎಂದು ಬಂಡೆಗಳ ಮೇಲೆ ಹಳದಿ ಬಣ್ಣದ ಬಾಣದ ಗುರುತು ಬಳಿದಿದ್ದಾರೆ. ಅವರ್‍ಯಾರೂ ತಪ್ಪಿಸಿಕೊಳ್ಳಲಿಲ್ಲ. ದಾರಿ ಮಾಡಿದವನೇ ತಪ್ಪಿಸಿಕೊಳ್ಳತೊಡಗಿದ.

ಹೋದ ವರ್ಷ ಶುರುವಾದದ್ದು. ಮೊದಲು ಯಾವ ಕುರಿ ಯಾವುದರ ಮರಿ ಎಂಬುದನ್ನು ಮರೆತ. ಆಮೇಲೆ ಪಂಚೆಗೆ ಗಂಟು ಹಾಕುವುದನ್ನು ಮರೆತ. ಬೆಳಗಾದರೆ ಬೀರಮ್ಮನೇ ಉಡಿಸಿ, ಜಾರದಂತೆ ಸೊಂಟಕ್ಕೆ ಬಿಗಿಯಬೇಕು. ಕಡೆಗೆ ಅವಳ ಹೆಸರೂ ಹೋಯಿತು. 'ಬೀರೀ' ಎಂದು ಬೆಟ್ಟ ಮಾರ್ದನಿಸುವಂತೆ ಕೂಗುತ್ತಿದ್ದವನು ಈಗ ಹಸಿದ ಕೂಸಿನ ಹಾಗೆ 'ಅವ್ವಾ' ಅನ್ನುತ್ತಿದ್ದ. ಮಕ್ಕಳಿಲ್ಲದ ಹೆಂಗಸು, ಯಾರ ಬಾಯಿಂದಲೂ ಕೇಳದ ಆ ಮಾತನ್ನು ಗಂಡನ ಬಾಯಿಂದ ಕೇಳಬೇಕಾಯಿತು. ಕನಕಪುರದ ಡಾಕ್ಟರು, ಇದು ವಾಸಿಯಾಗೋದಲ್ಲಮ್ಮ, ನೋಡಿಕೊಳ್ಳಬೇಕು ಅಷ್ಟೇ ಎಂದರು. ಅವಳು ಬಸ್ಸು ಹತ್ತಿ ಕೆಂಗಲ್ ಆಂಜನೇಯನ ಮುಂದೆ ನಿಂತಳು.

"ವಾಸಿ ಮಾಡು ಅಂತ ಕೇಳಾಕಿಲ್ಲ ಸ್ವಾಮಿ. ಒಂದೇ ಒಂದ್ಸತಿ ನನ್ನ ಹೆಸರಿಡ್ದು ಕರೆಸು. ಸಾಕು."

ಎರಡು ಸಲ ಅವನು ಕಾಡಿನಲ್ಲಿ ತಪ್ಪಿಸಿಕೊಂಡ. ಎರಡು ಸಲವೂ ಹುಡುಕಿ ತಂದವನು ಮೈದುನನ ಮಗ ಚಿಕ್ಕರಾಜು. ಬೆಂಗಳೂರಿನವರಿಗೆ ದಾರಿ ತೋರಿಸುವ ಕೆಲಸ ಅವನದು. ಎರಡನೆಯ ಸಲ ಅವನಿಗೂ ರೇಗಿತು.

"ದೊಡ್ಡವ್ವ, ಮನೇಲಿ ಕೂಡಾಕಿ ಬೀಗ ಹಾಕ್ಬುಡು. ಕಾಡಲ್ಲಿ ಆನೆ ಐತೆ, ಕೆಳಗೆ ಹೊಳೆ ಐತೆ."

"ಕುರಿ ತಪ್ಪುಸ್ಕತದೆ ಅಂತ ರೊಪ್ಪದಲ್ಲೇ ಕೂಡಾಕಿ ಸಾಯುಸ್ತೀಯೇನ್ಲಾ? ಗಂಟೆ ಕಟ್ತೀಯ, ಕಿವಿಕೊಟ್ಕಂಡು ಹಿಂದೆ ಹೋಯ್ತೀಯ."

"ಮನ್ಸನೂ ಕುರಿಯೂ ಒಂದೇನಾ?"

"ಬಯಲಲ್ಲಿ ಬದುಕಿದ ಜೀವ ಕಣ್ಲಾ ಅದು. ಬಾಗ್ಲಾಕಿದ್ರೆ ಒಂದು ತಿಂಗಳೂ ಉಳಿಯಾಕಿಲ್ಲ."

"ಇನ್ನೊಂದ್ಸತಿ ತಪ್ಪುಸ್ಕಂಡ್ರೆ ನನ್ನ ಮಾತು ಕೇಳ್ಬೇಕು."

"ಕೇಳ್ತೀನಿ ಹೋಗು."

ಹೀಗೆ ಗಂಟೆ ಬಂತು. ಹಿಂಡಿನ ಮುಂದೆ ನಡೆಯುತ್ತಿದ್ದ ಹಳೆಯ ಟಗರಿನದು. ಟಗರು ಸತ್ತ ಮೇಲೆ ಗೂಟದಲ್ಲಿ ನೇತಾಡುತ್ತಿತ್ತು. ಅದನ್ನು ಉಣ್ಣೆ ಹುರಿಯಲ್ಲಿ ಪೋಣಿಸಿ ಗಂಡನ ಸೊಂಟಕ್ಕೆ ಕಟ್ಟಿದಳು.

"ಯಾಕವ್ವಾ ನಂಗೆ ಗಂಟೆ?" ಎಂದ ಅವನು.

"ನೀನೇ ಕಣಯ್ಯ ಹಿಂಡಿಗೆ ಮುಂದಾಳು. ನಡಿ, ನಡಿ."

ಪುಣ್ಯಾತ್ಮ ಎದೆಯುಬ್ಬಿಸಿ ನಡೆದ! ಅವತ್ತಿನಿಂದ ಅವನು ಮುಂದೆ, ಕುರಿಗಳು ನಡುವೆ, ಬೀರಮ್ಮ ಹಿಂದೆ. ಟ್ರೆಕ್ಕಿಂಗಿನವರು ಮೊಬೈಲು ಎತ್ತಿದರೆ, "ನಿಮ್ಮಪ್ಪಂದಿರನ್ನ ನಿಲ್ಲಿಸ್ಕಂಡು ತೆಗೀರಿ ಫೋಟೋವ" ಎಂದು ಕೋಲೆತ್ತುತ್ತಿದ್ದಳು. ಗಂಟೆಯ ಸದ್ದು ಒಸಿ ದೂರವಾದರೂ ಅವಳ ಕಾಲು ತಾನಾಗಿ ಬಿರುಸಾಗುತ್ತಿತ್ತು.

ಕಾರ್ತಿಕದ ಒಂದು ಶನಿವಾರ. ಹಿಂದಿನ ವಾರದ ಮಳೆಗೆ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ರಾತ್ರಿಯೆಲ್ಲ ಅವನು ಬಾಗಿಲು ತೆಗೆ ಎಂದು ಹಟ ಹಿಡಿದಿದ್ದರಿಂದ ಬೀರಮ್ಮ ಕಣ್ಣಿಗೆ ಕಣ್ಣು ಹತ್ತಿಸಿರಲಿಲ್ಲ. ಮಧ್ಯಾಹ್ನ ಬಂಡೆಯ ನೆರಳಲ್ಲಿ ಕೂತು ರೊಟ್ಟಿ ಮುರಿದಳು. ಕೆಳಗಿನ ಇಳಿಜಾರಿನಲ್ಲಿ ಠಣ್, ಠಣ್ ಎಂದು ಗಂಟೆ ಕೇಳುತ್ತಿತ್ತು. ಅಲ್ಲೇ ಅವನೆ ಎಂದು ಬಂಡೆಗೆ ಒರಗಿದಳು. ಗಂಟೆ ಮೆಲ್ಲಗೆ, ಒಂದೇ ಸಮನೆ ಆಡುತ್ತಿತ್ತು. ಎಷ್ಟೋ ತಿಂಗಳ ಮೇಲೆ ಅವಳ ಮನಸ್ಸು ನಿರಾಳವಾಯಿತು. ನಿದ್ದೆ ಬಂದುಬಿಟ್ಟಿತು.

ಎಚ್ಚರವಾದಾಗ ನೆರಳು ಉದ್ದವಾಗಿತ್ತು. ಗಂಟೆ ಇನ್ನೂ ಅಲ್ಲೇ ಕೇಳುತ್ತಿತ್ತು.

"ಬಾರಯ್ಯ, ರೊಟ್ಟಿ ತಿನ್ನುವಂತೆ" ಎಂದು ಕೂಗುತ್ತಾ ಇಳಿದಳು. ಪೊದೆ ಸರಿಸಿ ನೋಡಿದರೆ ಅಲ್ಲಿ ನಿಂತದ್ದು ಅವನಲ್ಲ. ಗಬ್ಬದ ಕರಿ ಕುರಿ. ಗಂಟೆ ಅದರ ಕೊರಳಲ್ಲಿತ್ತು.

ಅವರ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿ ಅದು. ದಿನ ತುಂಬಿದ ಕುರಿ ಹಿಂಡು ಬಿಟ್ಟು ಪೊದೆಯ ಮರೆಗೆ ಹೋಗಿ ಈಯುತ್ತದೆ; ನರಿಯ ಬಾಯಿಗೆ ಸಿಗುವ ಮೊದಲು ನಮಗೆ ಸಿಗಲಿ ಎಂದು ಮುಂದಾಳಿನ ಗಂಟೆ ಬಿಚ್ಚಿ ಅದಕ್ಕೆ ಕಟ್ಟುತ್ತಾರೆ. ಈ ಕುರಿಗೆ ದಿನ ತುಂಬಿದ್ದನ್ನು ಬೀರಮ್ಮನೇ ಗಮನಿಸಿರಲಿಲ್ಲ. ಅವನು ಗಮನಿಸಿದ್ದ.

ಬಿದ್ದಂಬೀಳ ಹೊಳೆಯ ಕಡೆಗೆ ಓಡಿದಳು. ಎದುರಿಗೆ ಚಿಕ್ಕರಾಜುವಿನ ಗುಂಪು ಹತ್ತಿ ಬರುತ್ತಿತ್ತು. ಕಾಲು ಉಳುಕಿದ ಒಬ್ಬನಿಗೆ ಹೆಗಲು ಕೊಟ್ಟು ಅವನು ತೀರಾ ಹಿಂದೆ ಉಳಿದಿದ್ದ. ಮುಂದಿದ್ದವಳು ಮಾನ್ಯ ಅನ್ನುವ ಹುಡುಗಿ. ನಮ್ಮ ಯಜಮಾನ್ರನ್ನ ಕಂಡ್ರಾ ಎಂದು ಬೀರಮ್ಮ ಅವಳನ್ನೇ ಕೇಳಿದಳು.

"ತಾತನ್ನ ನೋಡಿದ್ವಿ ಅಜ್ಜಿ" ಎಂದಳು. "ಚೆನ್ನಾಗಿ ಮಾತಾಡಿದ್ರು. ನನ್ನ ಬೀರೀನ ಕಂಡ್ರಾ, ಕರಿ ಕುರಿ ಇವತ್ತು ಈಯ್ತದೆ, ಅವಳಿಗೆ ಹೇಳ್ಬೇಕು ಅಂದ್ರು. ಹೊಳೆ ಹತ್ರ ಯಾರೋ ಒಬ್ರು ಹೆಂಗಸು ಬಟ್ಟೆ ಒಗೀತಿದ್ರು. ಅಲ್ಲಿದಾರೆ ನೋಡಿ ಅಂತ ನಾವೇ ದಾರಿ ತೋರಿಸಿದ್ವಿ."

"ಏನಂದ? ಬೀರಿ ಅಂದ್ನಾ?"

"ಹೌದಜ್ಜಿ. ಎರಡು ಮೂರು ಸಲ ಅಂದ್ರು."

ಚಿಕ್ಕರಾಜು ಬಂದವನೇ ವಿಷಯ ತಿಳಿದು ಹೊಳೆಯ ಕಡೆಗೆ ಎದ್ದುಬಿದ್ದು ಓಡಿದ.

ಹೊತ್ತು ಮುಳುಗುವ ಮೊದಲು ಪುಟ್ಟಲಿಂಗಯ್ಯ ಸಿಕ್ಕಿದ, ಉಸಿರಿರಲಿಲ್ಲ. ಪ್ರಾಯದಲ್ಲಿ ಕುರಿ ದಾಟಿಸುತ್ತಿದ್ದ ಕಡವಿನಿಂದ ಒಸಿ ಕೆಳಗೆ, ಹೊಂಗೆಯ ಬೇರಿಗೆ ಅವನು ಹೊದ್ದ ಕಂಬಳಿ ತಗುಲಿಕೊಂಡಿತ್ತು. ಬಟ್ಟೆ ಒಗೆಯುತ್ತಿದ್ದವಳು ಆಚೆ ದಡದವಳಂತೆ. ಅವಳನ್ನೇ ಬೀರಿ ಎಂದುಕೊಂಡು ನೀರಿಗಿಳಿದನೋ ಏನೋ, ಶಿವನೇ ಬಲ್ಲ. ಅವನನ್ನು ಮನೆಗೆ ತರುವ ಹೊತ್ತಿಗೆ ಕರಿ ಕುರಿ ಪೊದೆಯಲ್ಲಿ ಈದಿತ್ತು. ಗಂಟೆಯ ಸದ್ದು ಹಿಡಿದು ಹೋಗಿ ಯಾರೋ ತಾಯಿಯನ್ನೂ ಮರಿಯನ್ನೂ ಎತ್ತಿಕೊಂಡು ಬಂದರು.

ನಕ್ಕಿದ್ದ ಊರೇ ಬಂದು ಅತ್ತಿತು. ನಾನು ಹೇಳಿರಲಿಲ್ಲವಾ ಎಂದು ಚಿಕ್ಕರಾಜು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು ಎಂದು ಬೀರಮ್ಮನಿಗೆ ಅನ್ನಿಸಿತು. ಅವಳಿಗೆ ಅಳುವೇ ಬರಲಿಲ್ಲ. ಕಂಬಕ್ಕೆ ಒರಗಿ ಒಂದೇ ಯೋಚಿಸುತ್ತಿದ್ದಳು. ಆಂಜನೇಯ ಮಾತು ತಪ್ಪಲಿಲ್ಲ. ಒಂದು ಸಲ ಕೇಳಿದ್ದಕ್ಕೆ ಎರಡು ಮೂರು ಸಲ ಹೆಸರು ಹಿಡಿದು ಕರೆಸಿದ. ಓಗೊಡಬೇಕಾದ ಮುಂಡೆ ಮಾತ್ರ ಬಂಡೆಯ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದಳು.

ತಿಥಿ ಕಳೆದ ಮೇಲೂ ರೊಪ್ಪದಲ್ಲಿ ಕರಿ ಕುರಿ ಕೊರಳು ಅಲ್ಲಾಡಿಸಿದರೆ ಸಾಕು, "ಬಂದೆ, ಇರಯ್ಯ" ಎಂದು ಎದ್ದುಬಿಡುತ್ತಿದ್ದಳು. ಎದ್ದ ಮೇಲೆ ನೆನಪಾಗುತ್ತಿತ್ತು. ಇದನ್ನು ನೋಡಲಾರದೆ ಚಿಕ್ಕರಾಜು ಒಂದು ಬೆಳಿಗ್ಗೆ ಕುಡುಗೋಲು ಹಿಡಿದು ಬಂದ.

"ಆ ಗಂಟೆ ಕುಯ್ದು ಹೊಳೆಗೆ ಎಸೆದು ಬತ್ತೀನಿ ದೊಡ್ಡವ್ವ."

ಬೀರಮ್ಮ ಆಗಲಿ ಎಂದು ತಲೆಯಾಡಿಸಿ, ತಾನೇ ಕುರಿಯನ್ನು ತಬ್ಬಿ ಹಿಡಿದುಕೊಂಡಳು. ಅವನು ಹುರಿಗೆ ಕೈ ಹಾಕಿದ. ಆಗ ಅವಳ ಕಣ್ಣು ಗಂಟಿನ ಮೇಲೆ ಬಿತ್ತು. ಕೊರಳು ಬಿಗಿಯದ, ಎಳೆದರೂ ಬಿಚ್ಚದ ಗಂಟು. ಮದುವೆಯಾದ ಹೊಸತರಲ್ಲಿ ಅವನು ಎಷ್ಟು ಹೇಳಿಕೊಟ್ಟರೂ ಅವಳಿಗೆ ಬಂದಿರಲಿಲ್ಲ. "ನಿನ್ನ ಕೈಗೆ ಒಗ್ಗಾಕಿಲ್ಲ ಬುಡೇ ಬೀರಿ" ಎಂದು ನಗುತ್ತಿದ್ದ. ಪಂಚೆ ಕಟ್ಟಿಕೊಳ್ಳಲು ಬಾರದೆ ವರ್ಷವಿಡೀ ಅವಳ ಮುಂದೆ ಕೈ ಎತ್ತಿ ನಿಂತಿದ್ದವನು ಇದನ್ನು ಒಂದು ಸುತ್ತೂ ತಪ್ಪದೆ ಹಾಕಿದ್ದ.

"ಮುಟ್ಬ್ಯಾಡ ಕಣ್ಲಾ!"

ಚಿಕ್ಕರಾಜು ಬೆಚ್ಚಿ ಕೈ ತೆಗೆದ. "ಯಾಕ್ ದೊಡ್ಡವ್ವ?"

"ನಿಮ್ಮ ದೊಡ್ಡಪ್ಪ ಹಾಕಿದ ಗಂಟು ಅದು. ಅವತ್ತು ಅವ್ನು ವಾಪಸ್ ಬಂದಿದ್ದ ಕಣ್ಲಾ. ಪೂರ್ತಿ ಬಂದಿದ್ದ, ನನ್ನೇ ಹುಡುಕ್ತಿದ್ದ. ನಾನು ಮಲ್ಗಿದ್ದೆ."

ಅಂದವಳೇ ಕುರಿಯ ಕೊರಳಿಗೆ ಮುಖ ಒತ್ತಿ, ಅಷ್ಟು ದಿನ ಬಾರದ ಅಳುವನ್ನೆಲ್ಲ ಅತ್ತಳು. ಕುರಿ ಅಲ್ಲಾಡದೆ ನಿಂತುಕೊಂಡಿತು.