ಕೊಠಡಿಯ ಒಳಗೆ ನಡೆದದ್ದು

ಹೊಳೆಗೆ ದೊಡ್ಡ ಸೇತುವೆ ಕಟ್ಟುವುದೆಂದು ತೀರ್ಮಾನವಾದಾಗ ಪ್ರಾಧಿಕಾರಕ್ಕೆ ಮೊದಲು ಬೇಕಾದದ್ದು ಸಿಮೆಂಟೂ ಅಲ್ಲ, ಕಬ್ಬಿಣವೂ ಅಲ್ಲ. ಯಾರೂ ಬೆರಳು ತೋರಿಸಲಾಗದಂಥ ಒಬ್ಬ ಮನುಷ್ಯ. ಹಿಂದಿನ ಸುರಂಗದ ಟೆಂಡರಿನಲ್ಲಿ ಪತ್ರಿಕೆಗಳು ಪ್ರಾಧಿಕಾರದ ಮಾನ ಹರಾಜು ಹಾಕಿದ್ದವು. ಆದ್ದರಿಂದ ಈ ಸಲ ಟೆಂಡರಿನ ಮೊದಲಿಂದ ಕೊನೆಯವರೆಗೆ ಪಕ್ಕದಲ್ಲೇ ಕೂತು, ಎಲ್ಲ ಸಂಸ್ಥೆಗಳಿಗೂ ಒಂದೇ ನ್ಯಾಯ ಸಿಕ್ಕಿತೇ ಎಂದು ಹೇಳಲು ಹೊರಗಿನ ವೀಕ್ಷಕರೊಬ್ಬರು ಇರಬೇಕೆಂದು ನಿಯಮವಾಯಿತು. ಅಧ್ಯಕ್ಷರು ತಾವೇ ಹುಡುಕಿ ಒಬ್ಬಳನ್ನು ತಂದರು.

ಅವಳು ನಿವೃತ್ತ ಪರೀಕ್ಷಾ ಮೇಲ್ವಿಚಾರಕಿ. ನೌಕರಿಯ ಅಷ್ಟೂ ವರ್ಷ ಪರೀಕ್ಷಾ ಕೊಠಡಿಗಳ ಬಾಗಿಲಲ್ಲಿ ನಿಂತವಳು. ಗಂಟೆ ಹೊಡೆದ ಮೇಲೆ ಬಂದವರನ್ನು ಅತ್ತರೂ ಬಿಡಲಿಲ್ಲ, ಕಾಲು ಹಿಡಿದರೂ ಬಿಡಲಿಲ್ಲ. ಮಕ್ಕಳು ಅವಳಿಗೆ 'ತಕ್ಕಡಿ' ಎಂದು ಅಡ್ಡಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ಅವಳಿಗೆ ಬೇಸರವೇನೂ ಆಗಿರಲಿಲ್ಲ, ಒಳಗೊಳಗೇ ಖುಷಿಯಾಗಿತ್ತು.

ಮದುವೆಯಾಗಿರಲಿಲ್ಲ. ಅಮ್ಮ ತೀರಿಕೊಂಡಾಗ ತಮ್ಮನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಸೊಂಟದ ಮೇಲೆ ಹೊತ್ತು ಸಾಕಿದ್ದಳು. ಅವನು ದೊಡ್ಡ ಪರೀಕ್ಷೆಗೆ ಕೂರಬೇಕಾದ ದಿನ ಸೈಕಲ್ ಚೈನು ಕಳಚಿ ತಡವಾಗಿ ಓಡಿಬಂದ. ಬಾಗಿಲಲ್ಲಿದ್ದವಳು ಅಕ್ಕನೇ. ಅವಳು ಬಾಗಿಲು ಹಾಕಿದಳು. ಮತ್ತೆ ಅವನು ಪುಸ್ತಕ ಮುಟ್ಟಲಿಲ್ಲ, ಲಿಫ್ಟ್ ರಿಪೇರಿ ಕಲಿತ. ನೆಂಟರ ಮುಂದೆ ಅದನ್ನು ತಮಾಷೆಯಾಗಿ ಹೇಳುತ್ತಿದ್ದ: "ನಾನು ಮೇಲಕ್ಕೆ ಹೋಗೋ ದಾರೀನ ಅಕ್ಕ ಮುಚ್ಚಿಬಿಟ್ಲು. ಅದಕ್ಕೇ ದಿನಾ ಬೇರೆಯವರನ್ನ ಮೇಲಕ್ಕೆ ಕಳಿಸ್ತಾ ಇದೀನಿ." ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಈಗ ಅವನು, ಅವನ ಹೆಂಡತಿ, ಅವಳು ಮೂವರೂ ಒಂದೇ ಮನೆಯಲ್ಲಿದ್ದರು. ತಮ್ಮ ಕೆಲಸ ಮಾಡುತ್ತಿದ್ದದ್ದು ಪ್ರಾಧಿಕಾರದ ಕಟ್ಟಡದಲ್ಲೇ. ಅಲ್ಲಿನ ಲಿಫ್ಟುಗಳನ್ನು ನೋಡಿಕೊಳ್ಳುವ ಹಂಗಾಮಿ ನೌಕರ. ಮೊದಲ ದಿನವೇ ಅವಳು ಇದನ್ನು ಅಧ್ಯಕ್ಷರಿಗೆ ತಿಳಿಸಿದಳು.

"ಲಿಫ್ಟ್ ನೋಡ್ಕೊಳ್ಳೋ ತಮ್ಮ ತಾನೇ ಮೇಡಂ? ಟೆಂಡರ್ ನೋಡ್ಕೊಳ್ಳೋನಲ್ಲವಲ್ಲ!" ಅಧ್ಯಕ್ಷರು ನಕ್ಕರು. ತೆಳ್ಳಗಿನ, ಮೆಲುದನಿಯ ಮನುಷ್ಯ. ಜವಾನನಿಗೂ 'ನೀವು' ಎನ್ನುವವರು. "ಆದ್ರೂ ಹೇಳಿದ್ರಲ್ಲ, ಅದು ದೊಡ್ಡತನ. ನಿಮ್ಮಂಥವರು ಸಿಕ್ಕಿದ್ದು ನಮ್ಮ ಪುಣ್ಯ."

ಟೆಂಡರಿನ ವಿಷಯ ಮನೆಯಲ್ಲಿ ಎತ್ತಕೂಡದೆಂದು ಅವಳೇ ತನಗೆ ಕಟ್ಟು ಹಾಕಿಕೊಂಡಳು. ಯಾವ ಸಭೆ ಯಾವತ್ತು, ಯಾರು ಬರುತ್ತಾರೆ, ಒಂದು ಮಾತೂ ಬಾಯಿಂದ ಹೊರಬೀಳಲಿಲ್ಲ. ತಮ್ಮ ಒಂದೆರಡು ಸಲ ಕೆಣಕಿ ನೋಡಿ ಸುಮ್ಮನಾದ.

ಕೊನೆಗೆ ಕಣದಲ್ಲಿ ಉಳಿದದ್ದು ಎರಡೇ ಸಂಸ್ಥೆಗಳು. ಒಂದು ಭಾರಿ ಕಂಪನಿ. ಸುರಂಗ ಕಟ್ಟಿದ್ದೂ ಅದೇ. ಇನ್ನೊಂದನ್ನು ನಡೆಸುತ್ತಿದ್ದವರು ಒಬ್ಬ ವಯಸ್ಸಾದ ಎಂಜಿನಿಯರ್. ಮಂಡಿನೋವಿನ ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸುವವರು. ಭಾರಿ ಕಂಪನಿಯ ಯೋಜನೆಯಲ್ಲಿ ಹೊಳೆದಂಡೆಯ ಓಣಿ ಪೂರ್ತಿ ನೆಲಸಮವಾಗಬೇಕಿತ್ತು. ಎಂಜಿನಿಯರ್ ಸೇತುವೆಯನ್ನು ಸ್ವಲ್ಪ ಬಾಗಿಸಿ ಓಣಿಯನ್ನು ಉಳಿಸಿದ್ದರು. ಸಭೆಗಳಲ್ಲಿ ಅವರು ಕೇಳುವ ಪ್ರಶ್ನೆಗಳು ವೀಕ್ಷಕಿಗೆ ಇಷ್ಟವಾಗುತ್ತಿದ್ದವು. ಇಷ್ಟವಾದದ್ದು ಮುಖದಲ್ಲಿ ಕಾಣದ ಹಾಗೆ ನೋಡಿಕೊಳ್ಳುತ್ತಿದ್ದಳು.

ಟೆಂಡರ್ ಪತ್ರಗಳಿದ್ದ, ಮೊಹರು ಮಾಡಿದ ಪೆಟ್ಟಿಗೆಗಳನ್ನು ಒಪ್ಪಿಸುವ ದಿನ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಮುಚ್ಚಬೇಕು. ಆಮೇಲೆ ಬಂದದ್ದನ್ನು ತೆರೆಯದೆ ವಾಪಸು ಕೊಡಬೇಕು. ಆ ಷರತ್ತನ್ನು ಇನ್ನಷ್ಟು ಬಿಗಿ ಮಾಡಿಸಿದ್ದವಳೂ ಅವಳೇ. ಕಟ್ಟಡದ ಮೇಲಿನ ಮಹಡಿಯ ಉದ್ದನೆಯ ಕೊಠಡಿ. ಮೇಜಿನ ಮೇಲೆ ನೀರಿನ ಜಗ್ಗು, ಗೋಡೆಯ ಮೇಲೆ ಗಡಿಯಾರ. ಭಾರಿ ಕಂಪನಿಯವರು ಬೆಳಿಗ್ಗೆಯೇ ಬಂದು ಪೆಟ್ಟಿಗೆ ಇಟ್ಟು, ಕುರ್ಚಿಗೆ ಒರಗಿ ಫೋನು ನೋಡುತ್ತಿದ್ದರು.

ಹನ್ನೆರಡು ಹತ್ತಿರವಾದಾಗ ಎಲ್ಲೋ ಕೆಳಗೆ ಒಂದು ಗಂಟೆ ಬಡಿದುಕೊಳ್ಳತೊಡಗಿತು. ನಿಲ್ಲುವುದು, ಮತ್ತೆ ಬಡಿಯುವುದು.

"ಅದೇನದು?" ಎಂದಳು.

"ಲಿಫ್ಟ್ ಮತ್ತೆ ಕೈಕೊಟ್ಟಿರಬೇಕು," ಅಧ್ಯಕ್ಷರು ಲೋಟಕ್ಕೆ ನೀರು ಬಗ್ಗಿಸಿಕೊಂಡರು. "ನಿಮ್ಮ ತಮ್ಮ ಇದ್ದಾನಲ್ಲ, ನೋಡ್ಕೋತಾನೆ ಬಿಡಿ."

ಗಡಿಯಾರದ ಮುಳ್ಳುಗಳು ಕೂಡಿದವು. ಅವಳೇ ಎದ್ದು ಬಾಗಿಲು ಹಾಕಿದಳು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟುವ ಸದ್ದಾಯಿತು. ತೆರೆದರೆ ಎಂಜಿನಿಯರ್. ಅಂಗಿ ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ಎರಡೂ ಕೈಗಳಲ್ಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡಿದ್ದರು.

"ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದೆ ಮೇಡಂ. ಎರಡು ಮಹಡಿ ಮಧ್ಯೆ ನಿಂತುಬಿಡ್ತು. ಗಂಟೆ ಒತ್ತಿ ಒತ್ತಿ ಸಾಕಾಯ್ತು... ನಿಮಗೂ ಕೇಳಿಸಿರಬೇಕಲ್ಲ?"

"ಕೇಳಿಸ್ತು."

"ಮತ್ತೆ! ಬೇಗನೇ ಬಂದಿದ್ದೆ ನಾನು. ಕಟ್ಟಡದೊಳಗೇ ಇದ್ದೆ!"

ಅವಳು ಅಧ್ಯಕ್ಷರ ಕಡೆ ನೋಡಿದಳು. ಅವರು ತಲೆ ತಗ್ಗಿಸಿ ಕೈಯೆತ್ತಿ, "ಇದು ನಿಮ್ಮ ತೀರ್ಮಾನ ಮೇಡಂ, ನಾವು ಬಾಯಿ ಹಾಕೋ ಹಾಗಿಲ್ಲ," ಎಂದರು. ಅವರ ದನಿಯಲ್ಲಿ ನಿಜವಾದ ಮರುಕವಿದ್ದಂತಿತ್ತು.

"ಪೆಟ್ಟಿಗೆ ಈ ಕೊಠಡಿಗೆ ಬರಬೇಕಿತ್ತು, ಕಟ್ಟಡಕ್ಕಲ್ಲ," ಎಂದಳು ವೀಕ್ಷಕಿ. "ತಡ ಯಾಕಾಯ್ತು ಅಂತ ಕೇಳೋಕೆ ಹೊರಟ್ರೆ ಎಲ್ಲರ ಹತ್ರಾನೂ ಒಂದೊಂದು ಕಾರಣ ಇರುತ್ತೆ. ಕ್ಷಮಿಸಿ."

ಎಂಜಿನಿಯರ್ ಪೆಟ್ಟಿಗೆಯೊಂದಿಗೆ ಮೆಟ್ಟಿಲ ಕಡೆ ತಿರುಗಿದರು. ಹಿಂದಿನಿಂದ ಭಾರಿ ಕಂಪನಿಯವನೊಬ್ಬ, "ಯಜಮಾನ್ರೇ, ಇಳಿಯೋವಾಗ ಮೆಟ್ಟಿಲು ಹಿಡೀರಿ," ಎಂದ. ಉಳಿದವರು ಕಿಸಕ್ಕನೆ ನಕ್ಕರು. ನಗಬಾರದೆಂದು ಅವಳು ಗದರಿಸಿದಳು. ಅಷ್ಟನ್ನು ಮಾತ್ರ ಆ ದಿನ ಎಂಜಿನಿಯರಿಗಾಗಿ ಮಾಡಿದಳು.

ಆ ವಾರದ ರಜೆಯ ದಿನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ತಮ್ಮನ ಮುಖ ಅರಳಿತ್ತು. ಹೆಂಡತಿ ಅವನ ತಟ್ಟೆಗೆ ಎರಡೆರಡು ಸಲ ಬಡಿಸಿದಳು.

"ಹೇಳ್ರೀ ಅಕ್ಕಂಗೆ," ಎಂದಳು.

"ಕೆಲಸ ಖಾಯಂ ಆಗುತ್ತಂತೆ ಅಕ್ಕಾ! ಅಧ್ಯಕ್ಷರ ಆಪ್ತ ಸಹಾಯಕನೇ ಕರೆದು ಹೇಳಿದ. ಮುಂದಿನ ತಿಂಗಳೇ ಆದೇಶ."

"ಇಷ್ಟು ವರ್ಷ ಆಗದೆ ಇದ್ದದ್ದು ಈಗ ಹೇಗಾಯ್ತೋ?"

"ಒಂದು ಸಣ್ಣ ಉಪಕಾರ ಮಾಡಿದ್ದೆ ಅಂತಿಟ್ಕೋ." ಅವನಿಗೆ ನಗು ತಡೆಯಲಾಗಲಿಲ್ಲ. "ಯಾರೋ ಕಂಟ್ರಾಕ್ಟರ್ ಮುದುಕನಂತೆ, ದಿನಾ ಸಾಹೇಬರ ತಲೆ ತಿಂತಾನಂತೆ. ಅವನು ಹತ್ತಿದ ಮೇಲೆ ಲಿಫ್ಟ್ ಒಂಚೂರು ನಿಲ್ಸು, ಬೆವರಿಳಿಸೋಣ ಅಂದ ಆ ಸಹಾಯಕ. ನಿಲ್ಲಿಸ್ದೆ. ಗಂಟೆ ಹೊಡೀತಾ ಇದ್ದ ನೋಡು, ಬೆಂಕಿ ಬಿದ್ದೋರ ಹಾಗೆ..."

ಅವಳ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಆಮೇಲೆ, ಆ ಮುದುಕ ಯಾರು, ಎದೆಗವಚಿಕೊಂಡಿದ್ದದ್ದು ಏನು ಎಂಬುದನ್ನು ಹೇಳಿದಳು. ತಮ್ಮನ ಮುಖ ಕಪ್ಪಿಟ್ಟಿತು.

"ನಂಗೇನು ಗೊತ್ತಕ್ಕಾ? ನೀನಾದ್ರೂ ಒಂದು ಮಾತು ಹೇಳಿದ್ಯಾ, ಇವತ್ತು ಇಂಥದ್ದಿದೆ ಅಂತ?"

"ನಾನು ಹೇಳೋ ಹಾಗಿರಲಿಲ್ಲ."

"ಹಾಗಾದ್ರೆ ಈಗ್ಲೂ ಹೇಳೋ ಹಾಗಿಲ್ಲ ಅಲ್ವಾ?" ಎಂದಳು ತಮ್ಮನ ಹೆಂಡತಿ. "ಮನೇಲಿ ಊಟ ಮಾಡ್ತಾ ಆಡಿದ ಮಾತು ಅತ್ತಿಗೆ. ಇದನ್ನ ಹೊರಗೆ ಒಯ್ಯಬೇಡಿ. ನಿಮಗೆ ಕೈ ಮುಗೀತೀನಿ."

ಎರಡು ದಿನ ಅವಳು ಕೋಣೆಯಿಂದ ಹೊರಬರಲಿಲ್ಲ. ಮೂರನೆಯ ದಿನ ತಮ್ಮನನ್ನು ಕೂರಿಸಿಕೊಂಡು, "ತಪ್ಪು ಮಾಡಿಸಿದವರು ಅವರು. ನೀನು ಇದ್ದದ್ದು ಇದ್ದ ಹಾಗೆ ಹೇಳು, ನಾನೂ ಹೇಳ್ತೀನಿ. ಟೆಂಡರ್ ರದ್ದಾಗುತ್ತೆ, ಆ ಮನುಷ್ಯನಿಗೆ ನ್ಯಾಯ ಸಿಗುತ್ತೆ, ನಿನಗೂ ಏನೂ ಆಗಲ್ಲ. ನಾನಿದ್ದೀನಲ್ಲ," ಎಂದಳು. ಚಿಕ್ಕಂದಿನಿಂದ ಅವಳ ಮಾತು ಕೇಳಿಯೇ ರೂಢಿಯಾದವನು ತಲೆಯಾಡಿಸಿದ.

ಅವಳ ದೂರಿನ ಮೇಲೆ ವಿಚಾರಣೆ ನಡೆಯಿತು. ನಡೆಸಲು ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದ. ಅದೇ ಉದ್ದನೆಯ ಕೊಠಡಿ. ಮೊದಲು ತಮ್ಮ ಎಲ್ಲವನ್ನೂ ಹೇಳಿದ. ಆಪ್ತ ಸಹಾಯಕ ಬಂದು, ಈ ನೌಕರನ ಜೊತೆ ತಾನು ಮಾತೇ ಆಡಿಲ್ಲವೆಂದ. ಖಾಯಂ ಮಾಡುವ ಪ್ರಸ್ತಾಪವೇ ಇರಲಿಲ್ಲವೆಂದ. ಆಮೇಲೆ ಅವಳ ಸರದಿ.

"ಲಿಫ್ಟ್ ನಿಲ್ಲಿಸು ಅಂತ ಯಾರಾದ್ರೂ ಹೇಳಿದ್ದನ್ನ ನೀವು ಕಿವಿಯಾರೆ ಕೇಳಿದ್ರಾ ಮೇಡಂ?" ಅಧಿಕಾರಿ ಕೇಳಿದ.

ತಮ್ಮ ಎದುರಿಗೇ ಇದ್ದ. ಅವನ ಕಣ್ಣು ಅವಳನ್ನೇ ಹಿಡಿದುಕೊಂಡಿತ್ತು. 'ಹೂಂ' ಎಂಬ ಒಂದು ಅಕ್ಷರ ಸಾಕಾಗಿತ್ತು. ಆ ದಿನ ತಾನು ಮೊಗಸಾಲೆಯಲ್ಲಿ ಹೋಗುವಾಗ ಆಪ್ತ ಸಹಾಯಕನ ಮಾತು ಕಿವಿಗೆ ಬಿತ್ತು ಎಂದುಬಿಟ್ಟಿದ್ದರೆ ಯಾರೂ ಇಲ್ಲವೆನ್ನುವಂತಿರಲಿಲ್ಲ. ಅವಳ ಮಾತಿಗೆ ಅಷ್ಟು ತೂಕವಿತ್ತು.

"ಇಲ್ಲ," ಎಂದಳು. "ನನ್ನ ತಮ್ಮ ಹೇಳಿದ್ದಷ್ಟೇ ನನಗೆ ಗೊತ್ತು."

"ಅಂದ್ರೆ ಲಿಫ್ಟ್ ನಿಲ್ಲಿಸಿದ್ದು ನಾನೇ ಅಂತ ಅವನು ಒಪ್ಪಿಕೊಂಡ. ಅದನ್ನ ನೀವು ಕೇಳಿದ್ದೀರಿ."

"ಹೌದು."

"ಕೊಠಡಿಯ ಒಳಗೆ ನಡೆದದ್ದರಲ್ಲಿ ಏನಾದ್ರೂ ಲೋಪ ಕಂಡ್ರಾ?"

"ಒಳಗೆ... ಇಲ್ಲ."

ಸ್ವಲ್ಪ ಬಿಡುವು ಕೊಟ್ಟರು. ಅವಳು ಹೊರಗೆ ಬಂದು ಕಿಟಕಿಯ ಬಳಿ ನಿಂತಾಗ ಅಧ್ಯಕ್ಷರು ಪಕ್ಕಕ್ಕೆ ಬಂದರು. ಅಕ್ಕಪಕ್ಕ ಯಾರೂ ಇರಲಿಲ್ಲ.

"ನಿಜ ಹೇಳ್ತೀನಿ ಮೇಡಂ, ನೀವು ಬಾಯಿ ಬಿಡ್ತೀರಿ ಅಂತ ಅಂದುಕೊಂಡಿರಲಿಲ್ಲ," ಅದೇ ಮೆಲುದನಿ. "ತಮ್ಮ ಇಲ್ಲೇ ಕೆಲಸ ಮಾಡ್ತಾನೆ ಅಂತ ಗೊತ್ತಿದ್ದೇ ನಿಮ್ಮನ್ನ ಹುಡುಕಿ ತಂದಿದ್ದು. ನಾಳೆ ಏನಾದ್ರೂ ಗೊತ್ತಾದ್ರೂ ತಮ್ಮನ ಮುಖ ನೋಡಿ ಸುಮ್ಮನಿರ್ತೀರಿ ಅನ್ನೋ ಲೆಕ್ಕ. ಅದು ತಪ್ಪಾಯ್ತು. ಆದ್ರೆ ಪರವಾಗಿಲ್ಲ, ಹೀಗೂ ಒಳ್ಳೇದೇ ಆಯ್ತು. ಹುಡುಗನ್ನ ನೋಡಿದ್ರೆ ಪಾಪ ಅನ್ನಿಸುತ್ತೆ."

ಅವರು ಅವಳಿಗೆ ಬಾಗಿಲು ತೆರೆದು ಹಿಡಿದರು. ಅವಳು ನೆಟ್ಟಗೆ ಅಧಿಕಾರಿಯ ಮುಂದೆ ಹೋಗಿ ನಿಂತು, ಈಗಷ್ಟೇ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಅಧ್ಯಕ್ಷರು ನೆಲ ನೋಡುತ್ತ ನಿಂತರು, ಹಿರಿಯ ಹೆಂಗಸೊಬ್ಬಳಿಗೆ ಬುದ್ಧಿಭ್ರಮಣೆಯಾದದ್ದನ್ನು ನೋಡಲಾಗದವರ ಹಾಗೆ.

"ಬೇರೆ ಯಾರಾದ್ರೂ ಕೇಳಿಸಿಕೊಂಡ್ರಾ?" ಅಧಿಕಾರಿ ಕೇಳಿದ.

"ಇಲ್ಲ."

"ಮೇಡಂ, ಹೊರಗೆ ಕೇಳಿದ್ದು ಬೇರೆ, ಒಳಗೆ ನಡೆದದ್ದು ಬೇರೆ. ಈ ಗೆರೆ ಹಾಕಿಕೊಟ್ಟವರೇ ನೀವು. ತಮ್ಮ ಸಿಕ್ಕಿಬಿದ್ದ ಮೇಲೆ ನಿಮಗೆ ನೋವಾಗಿದೆ, ಅರ್ಥ ಆಗುತ್ತೆ. ಕೂತ್ಕೊಳ್ಳಿ, ನೀರು ಕುಡೀರಿ."

ಯಾರೋ ಲೋಟ ತಂದುಕೊಟ್ಟರು. ಅವಳು ಕುಡಿದಳು.

ತೀರ್ಪಿನಲ್ಲಿ ಅವಳ ಮಾತುಗಳೇ ಇದ್ದವು. ಕೊಠಡಿಯ ಒಳಗೆ ಯಾವ ಲೋಪವೂ ಆಗಿಲ್ಲವೆಂದು ಸ್ವತಂತ್ರ ವೀಕ್ಷಕಿಯೇ ಒಪ್ಪಿದ್ದಾರೆ. ಲಿಫ್ಟ್ ನಿಲ್ಲಿಸಿದ್ದು ಒಬ್ಬ ಹಂಗಾಮಿ ನೌಕರನ ದುರ್ನಡತೆ. ಅದಕ್ಕೂ ಟೆಂಡರಿಗೂ ಸಂಬಂಧವಿಲ್ಲ. ಎಂಜಿನಿಯರ್ ಕೋರ್ಟಿಗೆ ಹೋದರು, ಅಲ್ಲಿಯೂ ಅದನ್ನೇ ಓದಿ ಹೇಳಿ ಕಳಿಸಿದರು. ತಮ್ಮ ಸಂಸ್ಥೆ ಮುಚ್ಚಿದ ಮೇಲೆ ಅವರು ಭಾರಿ ಕಂಪನಿಯಲ್ಲೇ ಕೆಲಸಕ್ಕೆ ಸೇರಬೇಕಾಯಿತು. ಹೊಳೆದಂಡೆಯ ಓಣಿಯಲ್ಲಿ ಯಾವ ಮನೆ ಮೊದಲು ಬೀಳಬೇಕು ಎಂದು ಸುಣ್ಣದ ಗುರುತು ಹಾಕಿಸುವ ಕೆಲಸವನ್ನು ಅವರಿಗೇ ವಹಿಸಿದರು. ಮನುಷ್ಯನೊಬ್ಬನನ್ನು ಲಿಫ್ಟಿನಲ್ಲಿ ಕೂಡಿಹಾಕಿ ಜೀವಕ್ಕೆ ಅಪಾಯ ತಂದನೆಂದು ತಮ್ಮನಿಗೆ ಜೈಲಾಯಿತು.

ತಮ್ಮನ ಹೆಂಡತಿ ಜಗಳವಾಡಲಿಲ್ಲ. ತನ್ನ ಪಾತ್ರೆಗಳನ್ನು ಮಾತ್ರ ಆರಿಸಿ ಚೀಲಕ್ಕೆ ತುಂಬಿಕೊಂಡಳು. ಹೊಸಿಲಲ್ಲಿ ನಿಂತು, "ನೀವು ಸುಳ್ಳು ಹೇಳಿ ಅಂತ ನಾನು ಕೇಳಲಿಲ್ಲ ಅತ್ತಿಗೆ, ಸುಮ್ಮನಿರಿ ಅಂತ ಕೇಳಿದ್ದು," ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮೊದಲ ಭೇಟಿಯ ದಿನ ತಮ್ಮ ಜಾಲರಿಯ ಆಚೆ ಬಂದು ಕೂತ. ಮೀಸೆ ಬೋಳಿಸಿದ್ದರು. ಅಪ್ಪನ ಹಾಗೆ ಕಾಣುತ್ತಿದ್ದ.

"ಅಕ್ಕಾ, ಒಂದು ಕೇಳ್ತೀನಿ. ಆಪ್ತ ಸಹಾಯಕ ನನಗೆ ಹೇಳಿದ್ದು ನಿಜ ಅಂತ ನೀನು ನಂಬ್ತೀಯಾ?"

"ನಂಬ್ತೀನಿ ಕಣೋ. ಮೊದಲಿಂದಲೂ ನಂಬಿದೀನಿ."

"ಮತ್ತೆ ಅಲ್ಲಿ ಯಾಕೆ ಹೇಳಲಿಲ್ಲ, ನಂಬ್ತೀನಿ ಅಂತ?"

"ಅವರು ಅದನ್ನ ಕೇಳಲಿಲ್ಲ."

ಅವನು ನಗತೊಡಗಿದ. ನೆಂಟರ ಮುಂದೆ ನಗುತ್ತಿದ್ದ ನಗೆಯಲ್ಲ. ಪಕ್ಕದಲ್ಲಿ ಕೂತಿದ್ದ ಕೈದಿಯೂ ಅವನ ಹೆಂಡತಿಯೂ ಮಾತು ನಿಲ್ಲಿಸಿ ತಿರುಗಿ ನೋಡಿದರು. ಕಾವಲುಗಾರ ಭುಜ ಮುಟ್ಟಿದಾಗ ತಾನೇ ಎದ್ದು ಒಳಗೆ ಹೋದ.

ಆಮೇಲಿನ ತಿಂಗಳುಗಳಲ್ಲಿ ಅವಳು ಹೋದಾಗಲೆಲ್ಲ ಕಾವಲುಗಾರ ಒಳಗೆ ಹೋಗಿ ಬಂದು, "ಬರಲ್ಲ ಅಂತಾನಮ್ಮ," ಎನ್ನುತ್ತಿದ್ದ. ಒಂದು ಸಲ ಅವಳು ಹೊಸ ಬನಿಯನ್ನು, ಸಾಬೂನು, ಚಳಿಗೊಂದು ಉಣ್ಣೆಯ ಟೋಪಿ ಒಯ್ದಿದ್ದಳು. ಅದನ್ನಾದರೂ ಕೊಡಿ ಎಂದಳು. ಕಾವಲುಗಾರ ಒಯ್ದವನು ಬರಿಗೈಯಲ್ಲಿ ಬಂದ. ಅವಳ ಮುಖ ಬೆಳಗಿತು.

"ತಗೊಂಡ್ನಾ?"

"ಇಲ್ಲಮ್ಮ. ಪಕ್ಕದವನಿಗೆ ಕೊಟ್ಟುಬಿಟ್ಟ. ಯಾರು ಕೊಟ್ಟಿದ್ದು ಅಂತ ಅವನು ಕೇಳಿದ್ದಕ್ಕೆ, ಗೊತ್ತಿಲ್ಲ ಅಂದ."

ಹೆಸರು ಕೂಗಿಸಿಕೊಂಡ ಬೇರೆಯವರು ಎದ್ದು ಒಳಗೆ ಹೋದರು. ಬೆಂಚು ಖಾಲಿಯಾಯಿತು. ಭೇಟಿಯ ಸಮಯ ಮುಗಿಯುವವರೆಗೆ ಅಲ್ಲಿ ಕೂರಲು ಯಾರ ಅಡ್ಡಿಯೂ ಇರಲಿಲ್ಲ, ಅವಳು ಕೂತಳು.