ಕ್ಲಚ್ಚಕ್ಕನ ಎಡಗಾಲು

ನಾನು ಡ್ರೈವಿಂಗ್ ಸ್ಕೂಲಿನ ಟೀಚರ್. ಕಲಿಯಲು ಬರುವವರು ಬೆನ್ನ ಹಿಂದೆ ನನ್ನನ್ನು ಕ್ಲಚ್ಚಕ್ಕ ಅನ್ನುತ್ತಾರೆ. ಅನ್ನಲಿ. "ಮೊದ್ಲು ಕ್ಲಚ್ಚು, ಆಮೇಲೆ ಗೇರು" ಎಂದು ಕೂಗಿ ಕೂಗಿ ನನ್ನ ಗಂಟಲು ಈ ಗತಿಗೆ ಬಂದಿದೆ. ನಾನು ಕೂರುವ ಪಕ್ಕದ ಸೀಟಿಗೂ ಒಂದು ಕ್ಲಚ್ ಇದೆ. ಅವರು ಮರೆತಾಗಲೆಲ್ಲ ನಾನು ಒತ್ತುತ್ತೇನೆ. ಅವರು ಮರೆಯದ ದಿನವೇ ಇಲ್ಲ.

ಅಂಥವಳ ಹತ್ತಿರ ತಮ್ಮ ಬಂದು, "ಅಕ್ಕಾ, ರೇಸಿಗೆ ನನ್ನ ಕಾರು ನೀನೇ ಓಡಿಸ್ಬೇಕು. ಆದ್ರೆ ಹೊರಟ ಮೇಲೆ ಕ್ಲಚ್ ಮುಟ್ಟೋ ಹಾಗಿಲ್ಲ" ಎಂದಾಗ ನನಗೆ ನಗು ತಡೆಯಲಾಗಲಿಲ್ಲ.

"ಬೇರೆ ಯಾರೂ ಸಿಗ್ಲಿಲ್ವೇನೋ?"

"ಇಬ್ರು ಸಿಕ್ಕಿದ್ರು. ಇಬ್ರೂ ಗೇರ್‌ಬಾಕ್ಸ್ ಪುಡಿ ಮಾಡಿಟ್ರು."

ತಮ್ಮ ಗೇರ್‌ಬಾಕ್ಸ್ ಮೆಕ್ಯಾನಿಕ್. ಡ್ರ್ಯಾಗ್ ರೇಸೆಂದರೆ ನೇರ ರಸ್ತೆಯಲ್ಲಿ ಎರಡೇ ಕಾರು. ಹಸಿರು ದೀಪ ಹೊತ್ತಿದ್ದೇ ತಡ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಪಂದ್ಯ. ಅದಕ್ಕೆಂದೇ ಅವನು ಹಳೆಯ ಬಾಕ್ಸೊಂದನ್ನು ಸ್ವಂತ ಕೈಯಿಂದ ಮಾರ್ಪಡಿಸಿದ್ದ. ತಾನೇ ಓಡಿಸೋಣವೆಂದರೆ, ಅದನ್ನು ಇಳಿಸುವಾಗ ಕೈ ಮೇಲೆ ಬಿದ್ದು ಎಡ ಮಣಿಕಟ್ಟಿಗೆ ಪ್ಲಾಸ್ಟರ್. ಇವನ ಬಾಕ್ಸ್ ಹಲ್ಲು ಉದುರಿಸುತ್ತದೆ ಎಂದು ರೇಸಿನವರೆಲ್ಲ ಆಡಿಕೊಳ್ಳುತ್ತಿದ್ದರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ತಮ್ಮ ಗೊಣಗಿದ. ಆಮೇಲೆ ದನಿ ಇಳಿಸಿ, "ಇನ್ನೊಂದ್ಸಲ ಮುರಿದ್ರೆ ಅವ್ರು ಹೇಳಿದ್ದೇ ನಿಜ ಅಂತ ಒಪ್ಕೋತೀನಿ. ಬಾಕ್ಸ್ ಬಿಚ್ಚೋ ಕೆಲ್ಸಾನೇ ಬಿಟ್ಬಿಡ್ತೀನಿ" ಅಂದ.

ಮಾತು ಸರಿಯಾಗಿ ಬರುವ ಮೊದಲೇ ಮನೆಯ ಗಡಿಯಾರ, ಬಾಗಿಲ ಚಿಲಕ, ಅಪ್ಪನ ಕನ್ನಡಕ ಎಲ್ಲವನ್ನೂ ಬಿಚ್ಚಿ ಗುಡ್ಡೆ ಹಾಕಿದವನು ಇವನು. ಇವನು ಬಿಚ್ಚುವುದನ್ನು ಬಿಡುತ್ತಾನಂತೆ!

"ಮೊದ್ಲು ಅದೇನು ಮಾಡಿಟ್ಟಿದ್ದೀಯ, ತೋರ್ಸು."

ಗ್ಯಾರೇಜಿನ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಗೇರುಗಳನ್ನು ಸಾಲಾಗಿ ಇಟ್ಟಿದ್ದ. ಒಂದು ಹಿತ್ತಾಳೆ ಉಂಗುರ ಎತ್ತಿ ಹಿಡಿದ. "ಮಾಮೂಲಿ ಬಾಕ್ಸಲ್ಲಿ ಇದು ನಡುವೆ ನಿಂತು ಎರಡೂ ಕಡೆ ವೇಗ ಒಂದು ಮಾಡುತ್ತೆ, ರಾಜಿ ಮಾಡ್ಸುತ್ತೆ. ಆಮೇಲೆ ಗೇರು ಬೀಳುತ್ತೆ. ನಾನು ಇದನ್ನ ಕಿತ್ತು ಹಾಕಿದ್ದೀನಿ. ಒಂದು ಬಿಟ್ಟು ಒಂದು ಹಲ್ಲೂ ತೆಗೆದಿದ್ದೀನಿ. ಸಂದಿ ಅಗಲ ಆದಷ್ಟೂ ನುಗ್ಗೋದು ಸುಲಭ."

"ರಾಜಿ ಮಾಡ್ಸೋರು ಯಾರು ಮತ್ತೆ?"

"ಯಾರೂ ಇಲ್ಲ. ಗೇರ್ ರಾಡ್ ಎಳೆದ ತಕ್ಷಣ ಅದರಲ್ಲಿರೋ ಸ್ವಿಚ್ಚು ಎಂಜಿನ್ ಕಿಡಿ ಒಂದು ಕ್ಷಣ ನಿಲ್ಸುತ್ತೆ. ಬಿಗಿ ಸಡಿಲ ಆಗುತ್ತೆ. ಅಷ್ಟರೊಳಗೆ ಮುಂದಿನ ಗೇರು ಬಿದ್ದಿರ್ಬೇಕು. ಮೆತ್ತಗೆ ಹಾಕಿದ್ರೆ ಕಿಡಿ ವಾಪಸ್ ಬಂದು ಹಲ್ಲಿಗೆ ಹಲ್ಲು ಬಡ್ಕೊಳ್ಳುತ್ತೆ. ಕೋಪ ಬಂದಾಗ ಬಾಗಿಲು ಹಾಕ್ತೀಯಲ್ಲ, ಹಾಗೆ ಹಾಕ್ಬೇಕು."

"ಸರಿಯಾದವಳ ಹತ್ರಾನೇ ಬಂದಿದ್ದೀಯ ಬಿಡು."

ನಯವಾಗಿ ಹಾಕಿದರೆ ಕೆಡುವ, ಒರಟಾಗಿ ಹಾಕಿದರೆ ಉಳಿಯುವ ಗೇರು! ಇಷ್ಟು ವರ್ಷ ಕಲಿಸಿದ್ದೆಲ್ಲ ತಲೆಕೆಳಗು. ನನಗೆ ಆಗಲೇ ಕೈ ಕಡಿಯಲು ಶುರುವಾಗಿತ್ತು.

ಅಭ್ಯಾಸಕ್ಕೆ ಸವೆದ ಹಳೆಯ ಗೇರುಗಳನ್ನು ನನ್ನ ಕೈಯಿಂದಲೇ ಹಾಕಿಸಿದ. ಖಾಲಿ ಗೋದಾಮುಗಳ ಹಿಂದಿನ ರಸ್ತೆಯಲ್ಲಿ ಹೊರಟೆ. ಎರಡನೇ ಗೇರಿಗೆ ಎಳೆದದ್ದೇ, ಕರಕರ ಎಂದು ಎದೆ ಝಲ್ಲೆನ್ನುವ ಸದ್ದು.

"ಕ್ಲಚ್ ಒತ್ತಿದ್ಯಾ?" ತಮ್ಮ ಓಡಿ ಬಂದು ಕೇಳಿದ.

"ಇಲ್ಲಪ್ಪ."

"ಅವರಿಬ್ರೂ ಹೀಗೇ ಅಂದ್ರು. ಆಣೆ ಇಟ್ಟು ಅಂದ್ರು." ಮುಖ ಬಾಡಿಸಿಕೊಂಡು ರಸ್ತೆ ಬದಿಯಲ್ಲಿ ಕೂತುಬಿಟ್ಟ.

ನನಗೆ ಅನುಮಾನ ಬಂತು. "ಏಳು, ಪಕ್ಕದಲ್ಲಿ ಕೂತ್ಕೋ. ರಸ್ತೆ ನೋಡ್ಬೇಡ, ನನ್ನ ಕಾಲು ನೋಡು."

ಮತ್ತೆ ಹೊರಟೆವು. ರಾಡ್ ಎಳೆಯುವ ಹೊತ್ತಿಗೆ ತಮ್ಮ ಕಿರುಚಿದ: "ಹೋಯ್ತು ಅಕ್ಕಾ! ಕೈಗಿಂತ ಮುಂಚೆ ಕಾಲು ಹೋಯ್ತು!"

ನಿಜ ಹೇಳುತ್ತೇನೆ, ನನಗೆ ಅದರ ಸುಳಿವೇ ಇರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣವೂ ಅಷ್ಟೇ. ಕಾಲು ತಾನಾಗಿ ಕ್ಲಚ್ಚಿಗೆ ಹೋಗುತ್ತದೆ, ಕಾಲು ಬರಲೆಂದು ಕೈ ಕಾಯುತ್ತದೆ, ಕಾದದ್ದಕ್ಕೆ ಹಲ್ಲು ಮುರಿಯುತ್ತದೆ. ಹಾಗಾದರೆ ಅವರಿಬ್ಬರೂ ಸುಳ್ಳು ಹೇಳಿರಲಿಲ್ಲ. ಬಾಕ್ಸೂ ತಪ್ಪು ಮಾಡಿರಲಿಲ್ಲ.

"ಈಗ ಕಾಲು ಕಟ್ಟಿ ಹಾಕೋದಾ?" ಅಂದ ತಮ್ಮ.

"ಚಟ ಬಿಡ್ಸೋಕೆ ಹೋಗ್ಬಾರ್ದು ಕಣೋ, ಅದಕ್ಕೆ ಬೇರೆ ಕೆಲ್ಸ ಕೊಡ್ಬೇಕು." ನನ್ನ ಹತ್ತಿರ ಕಲಿಯುತ್ತಿದ್ದ ಬ್ಯಾಂಕ್ ಗುಮಾಸ್ತರೊಬ್ಬರು ಸುಮ್ಮಸುಮ್ಮನೆ ಹಾರನ್ ಒತ್ತುತ್ತಿದ್ದರು. ಬೈದರೂ ಬಿಡಲಿಲ್ಲ. ಕೊನೆಗೆ ಸ್ಟೇರಿಂಗಿಗೆ ಒಂದು ಅಂಗಿಯ ಗುಂಡಿ ಅಂಟಿಸಿ, "ಇದನ್ನ ಒತ್ಕೊಳ್ಳಿ ಮಹರಾಯ್ರೇ" ಅಂದಿದ್ದೆ. ಊರು ತಣ್ಣಗಾಯಿತು.

ಗುಜರಿ ರಾಶಿಯಿಂದ ಹಳೆಯ ಕ್ಲಚ್ ಪೆಡಲಿನ ರಬ್ಬರೊಂದನ್ನು ಹುಡುಕಿ ತಂದೆ. ಕ್ಲಚ್ಚಿನ ಪಕ್ಕ, ಎಡಗಾಲು ಇಡುವ ಜಾಗದಲ್ಲಿ ತಮ್ಮ ಅದನ್ನು ಬಿಗಿಯಾಗಿ ಕೂರಿಸಿದ. ಒತ್ತಿದರೆ ಅದು ಎಲ್ಲಿಗೂ ಹೋಗುವುದಿಲ್ಲ. ಕಾಲಿನ ಕೆಲಸ ಮುಟ್ಟಿದಲ್ಲಿಗೇ ಮುಗಿಯುತ್ತದೆ, ಕೈ ಕಾಯಬೇಕಾಗಿಲ್ಲ.

ರೇಸಿನ ದಿನ ಹೊಸ ಗೇರುಗಳು ಒಳಗಿದ್ದವು. ಹಸಿರು ದೀಪ ಬಿತ್ತು. ನಾನು ಏನು ಮಾಡಿದೆ? ಕನ್ನಡಿ ನೋಡಿದೆ. ಇಂಡಿಕೇಟರನ್ನೂ ಹಾಕಿದೆ! ಅಷ್ಟರಲ್ಲಿ ಪಕ್ಕದ ಕಾರು ಹೊಗೆ ಬಿಟ್ಟು ಹೋಗಿಯಾಗಿತ್ತು. ಜನ ಬಿದ್ದು ಬಿದ್ದು ನಕ್ಕರಂತೆ. ನನಗೆ ಕೇಳಿಸಿದ್ದು ಮಾತ್ರ ಬೇರೆ ಸದ್ದು. ಕಾಲು ಸುಳ್ಳು ಪೆಡಲನ್ನು ಒತ್ತಿತು, ಕೈ ರಾಡನ್ನು ಎಳೆಯಿತು: ಟಕ್. ಮುಷ್ಟಿ ಕಟ್ಟದೆ ಅಂಗೈಯಿಂದ ಮೇಲಕ್ಕೆ ತಳ್ಳಿದೆ, ಮೂರನೇ ಗೇರು: ಟಕ್. ನಾಲ್ಕು. ಅಷ್ಟು ಖುಷಿ ನನಗೆ ಲೈಸೆನ್ಸ್ ಸಿಕ್ಕಾಗಲೂ ಆಗಿರಲಿಲ್ಲ.

ಸೋತೆ, ಹೀನಾಯವಾಗಿ ಸೋತೆ. ತಮ್ಮನಿಗೆ ಚಿಂತೆ ಬಾಕ್ಸಿನದೇ. ಸಂಜೆ ಬಾಕ್ಸ್ ಇಳಿಸಿದೆವು. ಅವನು ಹೇಳಿದಂತೆ ನಾನು ಸ್ಪಾನರ್ ತಿರುಗಿಸಿದೆ. ಒಂದೊಂದು ಹಲ್ಲಿನ ಮೂಲೆಯನ್ನೂ ಬೆರಳಿನಿಂದ ಸವರಿದ. ಆಮೇಲೆ ನನ್ನ ಬೆರಳನ್ನು ಹಿಡಿದು ಅಲ್ಲಿಟ್ಟ.

"ಚುಚ್ಚುತ್ತಲ್ವಾ ಅಕ್ಕಾ?"

ಚುಚ್ಚುತ್ತಿತ್ತು. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ಅವನು ಮೂಗು ಒರೆಸಿಕೊಂಡ. ನಾನೂ ಒರೆಸಿಕೊಂಡೆ.

ಬಾಕ್ಸನ್ನು ಮತ್ತೆ ಕೂರಿಸಿದ ಮೇಲೆ, ಮೊದಲು ಮುರಿದಿದ್ದ ಇಬ್ಬರಲ್ಲಿ ಒಬ್ಬ ನೋಡಲು ಬಂದ. ಕಾರಿನೊಳಗೆ ಬಗ್ಗಿ, "ಇದೇನು ನಾಲ್ಕನೇ ಪೆಡಲು?" ಎಂದ.

"ಅಕ್ಕನ ಪೆಡಲು. ನನ್ನ ಬಾಕ್ಸ್ ಬೇಕಂದ್ರೆ ಇದೂ ಬೇಕು" ಅಂದ ತಮ್ಮ.

"ನಂಗ್ಯಾಕೆ? ನಾನು ಕ್ಲಚ್ ಮುಟ್ಟೋದೇ ಇಲ್ಲ" ಎನ್ನುತ್ತ ಅವನು ಸೀಟಿನಲ್ಲಿ ಕೂತು, ಬಂದ್ ಆಗಿದ್ದ ಕಾರಿನ ಗೇರ್ ರಾಡ್ ಎಳೆದು ನೋಡಿದ.

ನಾನೂ ತಮ್ಮನೂ ಕೆಳಗೆ ನೋಡಿದೆವು. ನಮ್ಮನ್ನು ನೋಡಿ ಅವನೂ ನೋಡಿದ. ಅವನ ಎಡಗಾಲು ನಿಜವಾದ ಕ್ಲಚ್ಚನ್ನು ತಳಮುಟ್ಟ ಒತ್ತಿಕೊಂಡು ಕೂತಿತ್ತು.